ಸುಗ್ರಾ ಬೀ ಮನೆಯ ಮುಂಬಾಗಿಲು

ಭಾನುವಾರ ಬೆಳಿಗ್ಗೆ ಹೊನ್ನೆಕೊಪ್ಪದ ಕೆಳಪೇಟೆಗೆ ಅಪರಿಚಿತರು ಬರುವುದು ಕೆಲವು ವರ್ಷಗಳಿಂದ ವಾಡಿಕೆಯಾಗಿದೆ. ಕೊರಳಲ್ಲಿ ಕ್ಯಾಮೆರಾ, ಕಾಲಲ್ಲಿ ಗುಡ್ಡ ಹತ್ತುವ ಬೂಟು, ಮುಖದಲ್ಲಿ ಸಾವಿನ ಮನೆಗೆ ಹೊರಟವರ ಗಾಂಭೀರ್ಯ. ಅವರು ನೋಡಲು ಬರುವುದು ಒಂದು ಬಾಗಿಲನ್ನು. ಬಾಗಿಲಿನ ಹಿಂದೆ ಒಂದು ಮನೆಯಿದೆ, ಆ ಮನೆಯೊಳಗೆ ಒಬ್ಬರು ಅದೇ ಹೊತ್ತಿಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದಾರೆ ಎಂಬುದು ಅವರ ಗಮನಕ್ಕೆ ಬರುವುದು ಆಮೇಲೆ. ಕೆಲವರಿಗೆ ಬರುವುದೇ ಇಲ್ಲ.

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಕಾಫಿ ತೋಟಗಳ ನಡುವೆ ಸಿಗುವ ಪೇಟೆ ಇದು. ಮೇಲ್ಪೇಟೆಯಲ್ಲಿ ಹಿಂದೂ ಬೆಳೆಗಾರರ ಮನೆಗಳು. ಕೆಳಪೇಟೆಯಲ್ಲಿ ಮುಸಲ್ಮಾನ ವ್ಯಾಪಾರಿಗಳ, ಮೆಕ್ಯಾನಿಕ್ಕುಗಳ ಮನೆಗಳು. ನಡುವೆ ಒಂದು ಮೋರಿ. ಇಪ್ಪತ್ತು ವರ್ಷಗಳ ಹಿಂದೆ ಒಂದು ಮೆರವಣಿಗೆ ಆ ಮೋರಿಯ ಮೇಲೆ ನಿಂತು ಘೋಷಣೆ ಕೂಗಿತು. ಮೊದಲ ಕಲ್ಲು ಯಾವ ಕಡೆಯಿಂದ ಬಂತೆಂಬ ವಾದ ಇಂದಿಗೂ ಮುಗಿದಿಲ್ಲ. ಬೆಂಕಿ ಯಾವ ಕಡೆಯಿಂದ ಬಂತೆಂಬುದರಲ್ಲಿ ಮಾತ್ರ ಯಾರಿಗೂ ಸಂಶಯವಿಲ್ಲ, ಏಕೆಂದರೆ ಸುಟ್ಟ ಮನೆಗಳೆಲ್ಲವೂ ಮೋರಿಯ ಕೆಳಗಿನವು. ಆ ಮನೆಗಳ ಮಾಡು, ಕಿಟಕಿ, ಗೋಡೆ ಎಲ್ಲವೂ ಹೊಸತಾದವು. ಹಾಗೆಯೇ ಉಳಿದದ್ದು ಸುಗ್ರಾ ಬೀ ಅವರ ಮನೆಯ ಮುಂಬಾಗಿಲು: ಒಂಟಿ ಹಲಗೆಯಷ್ಟು ಅಗಲದ ಹಲಸಿನ ಬಾಗಿಲು, ಕೆಳಗಿನ ಅರ್ಧ ಇದ್ದಿಲಿನಂತೆ ಕಪ್ಪು, ಮೇಲಿನ ಅರ್ಧ ಜೇನಿನ ಬಣ್ಣ.

ಅದನ್ನು ತೋರಿಸಲು ಜನರನ್ನು ಕರೆತರುವವನು ಅಭಿಷೇಕ್, ಮೇಲ್ಪೇಟೆಯ ದೇವರಾಜನ ಮಗ. ತೋಟದ ಅಂಚಿನಲ್ಲಿ ಹೋಮ್‌ಸ್ಟೇ ನಡೆಸುವ ಈ ಯುವಕ ತನ್ನ ಅತಿಥಿಗಳಿಗಾಗಿ ‘ಎರಡು ಪೇಟೆಗಳ ನಡಿಗೆ’ಯನ್ನು ಆರಂಭಿಸಿದ್ದ. ಅವನ ಉದ್ದೇಶ ಕೆಟ್ಟದ್ದೇನೂ ಆಗಿರಲಿಲ್ಲ. ಒಡೆದಿದ್ದ ಊರು ಮತ್ತೆ ಕೂಡಿದೆಯೆಂದು ಹೇಳುವುದರಲ್ಲಿ ಅವನಿಗೆ ನಿಜವಾದ ಹೆಮ್ಮೆಯಿತ್ತು. ಅವನು ಹೇಳುತ್ತಿದ್ದ ಕಥೆ ಮಾತ್ರ ಸುಳ್ಳು, ಮತ್ತು ಅದು ಸುಳ್ಳೆಂದು ಅವನಿಗೆ ತಿಳಿದಿರಲಿಲ್ಲ.

"ಇಲ್ಲಿ ನೋಡಿ ಸರ್, ಸೀಮೆಎಣ್ಣೆ ಸುರಿದು ಹಚ್ಚಿದ್ದು," ಎನ್ನುತ್ತಿದ್ದ ಆ ಭಾನುವಾರವೂ. "ಮಾಡಿದ್ದು ಹೊರಗಿನೋರು. ಬಸ್ಸಲ್ಲಿ ಬಂದಿದ್ರು. ನಮ್ಮೂರೋರು ಹಂಗಲ್ಲ."

ಬಾಗಿಲಿನ ಮೇಲೆ ಆ ವಾರ ಒಂದು ಹೊಸ ಫಲಕ ಬಂದಿತ್ತು. ಊರಿನ ಸೌಹಾರ್ದ ಸಮಿತಿಯವರು ಸುಗ್ರಾ ಬೀ ಅಂಗಡಿಯಲ್ಲಿದ್ದ ಹೊತ್ತಿನಲ್ಲಿ ಬಂದು ಅದನ್ನು ಮೊಳೆ ಹೊಡೆದು ಹೋಗಿದ್ದರು. ‘ಸ್ಮಾರಕ. ದಯವಿಟ್ಟು ಮುಟ್ಟಬೇಡಿ.’ ಹೊರಗೆ ಬಂದು ತಮ್ಮ ಮನೆಯ ಬಾಗಿಲನ್ನು ಎಳೆದುಕೊಳ್ಳಲು ಸುಗ್ರಾ ಬೀ ಆ ಫಲಕದ ಕೆಳಗೇ ಕೈಯಿಡಬೇಕಾಗಿತ್ತು. ಹೊರಗೆ ಬಂದರು, ಕೈಯಿಟ್ಟರು, ಎಳೆದುಕೊಂಡರು. ಎಪ್ಪತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು, ರೊಟ್ಟಿಹಿಟ್ಟು ಮೆತ್ತಿದ ಕೈ. ಗಂಡ ತೀರಿಕೊಂಡ ಮೇಲೆ ಕಾಳುಮೆಣಸಿನ ವ್ಯಾಪಾರವನ್ನು ಒಬ್ಬರೇ ನಡೆಸುತ್ತಿರುವ ಅವರ ಅಂಗಡಿಗೆ ಜಾವಳಿಯಿಂದಲೂ ಸಂಸೆಯಿಂದಲೂ ಬೆಳೆಗಾರರು ಬರುತ್ತಾರೆ.

ಬಂದವರಲ್ಲಿ ಒಬ್ಬ ಹೆಂಗಸು ಕ್ಯಾಮೆರಾ ಎತ್ತಿದಳು. "ಅಮ್ಮ, ಸ್ವಲ್ಪ ಬಾಗಿಲ ಪಕ್ಕ ನಿಂತ್ಕೊಳ್ತೀರಾ? ನಗಬೇಡಿ. ಹಾಗೇ ದೂರ ನೋಡ್ತಾ ಇರಿ."

"ನಗಬಾರ್ದಾ? ಎಂತಕ್ಕೆ?"

"ಫೋಟೋಗೆ ಸರಿಹೋಗಲ್ಲ ಅಮ್ಮ."

ಸುಗ್ರಾ ಬೀ ಬಾಯಿತುಂಬ ನಕ್ಕರು. "ಅಳೋ ಮುಖ ಬೇಕಿದ್ರೆ ಇಪ್ಪತ್ತು ವರ್ಷ ಮುಂಚೆ ಬರ್ಬೇಕಿತ್ತು ಮಗಾ. ಆಗ ಫೋಟೋ ತೆಗೆಯೋರು ಯಾರೂ ಬರ್ಲಿಲ್ಲ. ಈಗ ನಮ್ಮನೇಲಿ ರೊಟ್ಟಿ ಇದೆ, ಕಾಫಿ ಇದೆ. ಬನ್ನಿ ಒಳಗೆ, ಕುಡ್ಕಂಡು ಹೋಗಿ."

ಅತಿಥಿಗಳು ಅಭಿಷೇಕನ ಮುಖ ನೋಡಿದರು. ಅವನು ಗಡಿಯಾರ ನೋಡಿಕೊಂಡ. "ಟೈಮಿಲ್ಲ ಬೀಯಮ್ಮ. ಇನ್ನೂ ಫಾಲ್ಸ್ ನೋಡಾದು ಬಾಕಿ ಇದೆ."

ಮಲೆನಾಡಿನಲ್ಲಿ ಮನೆಯ ಮುಂದೆ ನಿಂತವರು ಕಾಫಿ ಬೇಡವೆಂದು ಹೋಗುವುದಿಲ್ಲ. ಸುಗ್ರಾ ಬೀ ಒಂದು ಕ್ಷಣ ಆ ಹುಡುಗನನ್ನು ನೋಡಿ, ತಲೆಯ ಸೆರಗು ಸರಿಪಡಿಸಿಕೊಂಡರು.

"ಹಂಗಾದ್ರೆ ಇವತ್ತೇ ಎಲ್ರೂ ಚೆನ್ನಾಗಿ ಫೋಟೋ ಹೊಡ್ಕಂಬಿಡಿ. ಮುಂದಿನ ವಾರ ಈ ಬಾಗಿಲು ಇರಲ್ಲ."

"ಇರಲ್ಲ ಅಂದ್ರೆ? ಎಲ್ಲಿಗೆ ಹೋಗ್ತದೆ ಬೀಯಮ್ಮ?"

"ಅದು ನನ್ನ ಬಾಗಿಲು. ನಾನು ತೆಗೀತೀನಿ," ಎಂದು ಅವರು ಒಳಗೆ ನಡೆದರು.

ಸುದ್ದಿ ಮೋರಿ ದಾಟುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಂದು ಸಂಜೆಯೇ ಸೌಹಾರ್ದ ಸಮಿತಿಯ ಅಧ್ಯಕ್ಷರಾದ ಪ್ರಸನ್ನಕುಮಾರ್ ಮೇಷ್ಟ್ರು ಕೊಡೆಯನ್ನು ಊರುಗೋಲಾಗಿ ಹಿಡಿದು ಇಳಿದುಬಂದರು. ಎರಡೂ ಪೇಟೆಗಳ ಮಕ್ಕಳಿಗೆ ಒಂದು ತಲೆಮಾರು ಪಾಠ ಹೇಳಿ ನಿವೃತ್ತರಾದವರು. ಗಲಭೆಯ ನಂತರ ಎರಡು ಕಡೆಯವರನ್ನೂ ಒಂದು ಕೋಣೆಯಲ್ಲಿ ಕೂರಿಸಿದ ಶ್ರೇಯಸ್ಸು ಅವರಿಗೇ ಸಲ್ಲಬೇಕು. ಅವರು ಜಗಲಿಯ ಮೇಲೆ ಕುಳಿತಾಗ ಸುಗ್ರಾ ಬೀ ಅವರ ಮಗ ಹಬೀಬುರ್ರಹ್ಮಾನ್ ಅಲ್ಲಿಯೇ ನಿಂತಿದ್ದ. ಸಂಸೆ, ಕುದುರೆಮುಖದ ಕಡೆ ಓಡಾಡುವ ಜೀಪುಗಳನ್ನು ರಿಪೇರಿ ಮಾಡುವ ಅವನಿಗೆ ಈ ವಿಷಯದಲ್ಲಿ ಒಂದೇ ಅಭಿಪ್ರಾಯವಿತ್ತು.

"ನಾನು ಎಷ್ಟು ಸಲ ಹೇಳಿದೀನಿ ಮೇಷ್ಟ್ರೇ. ಮೂಡಿಗೆರೆಯಿಂದ ಒಂದು ಸ್ಟೀಲ್ ಬಾಗಿಲು ತಂದು ಬೆಳಗ್ಗೆ ಕೂರಿಸಿದ್ರೆ ಮಧ್ಯಾಹ್ನಕ್ಕೆ ಮುಗೀತು. ಅಮ್ಮೀ ಒಪ್ಪಲ್ಲ."

"ನೀನು ಸುಮ್ನಿರಪ್ಪ," ಎಂದರು ಮೇಷ್ಟ್ರು. "ಸುಗ್ರಮ್ಮ, ಈ ಬಾಗಿಲು ನಿಮ್ಮದೊಬ್ಬರದೇ ಅಲ್ಲ, ಊರಿನದು. ಇದನ್ನ ನೋಡಿ ಮಕ್ಕಳು ಪಾಠ ಕಲೀಬೇಕು. ಇದಕ್ಕೆ ಗಾಜು ಹಾಕಿಸೋ ಯೋಚನೆ ಇದೆ ನಮಗೆ. ಇದು ಹೋದ್ರೆ ಖುಷಿ ಪಡೋರು ಯಾರು ಹೇಳಿ? ಸುಟ್ಟೋರೇ. ಸಾಕ್ಷಿ ಅಳಿಸಿಹೋಯ್ತು ಅಂತ."

"ಯಾರು ಸುಟ್ಟಿದ್ದು ಮೇಷ್ಟ್ರೇ?"

ಮೇಷ್ಟ್ರು ಕೊಡೆಯ ಹಿಡಿಯನ್ನು ನೋಡಿದರು. "ಅದು... ಹೊರಗಿನೋರು ಅಂತ ಆಗಲೇ ತೀರ್ಮಾನ ಆಗಿದೆಯಲ್ಲ."

"ಬಸ್ಸಲ್ಲಿ ಬಂದೋರು."

"ಶಾಂತಿ ಉಳೀಲಿ ಅಂತ ಹಾಗೆ ಹೇಳಿದ್ದು ಸುಗ್ರಮ್ಮ. ನಿಮಗೂ ಗೊತ್ತು."

"ಗೊತ್ತು. ಕೋರ್ಟಲ್ಲಿ ಸಾಕ್ಷಿ ಬೇಕಿತ್ತು. ಆಗ ನಿಮ್ಮ ಜಗಲೀಲಿ ನಿಂತು ನೋಡಿದ ನಿಮ್ಗೆ ಹೊಗೇಲಿ ಮುಖ ಕಾಣ್ಲಿಲ್ಲ ಅಂದ್ರಿ. ಈಗ ನನ್ನ ಬಾಗ್ಲು ಸಾಕ್ಷಿ ಹೇಳ್ಬೇಕು ಅಂತೀರಿ. ಮನುಷ್ಯರು ಹೇಳ್ದೆ ಇರೋದನ್ನ ಮರ ಎಂತಕ್ಕೆ ಹೇಳ್ಬೇಕು?"

ಕಲಿಸಿದ ಪಾಠವನ್ನು ಒಮ್ಮೆ ಬದುಕಿ ತೋರಿಸಬೇಕಾದ ಹೊತ್ತಿನಲ್ಲಿ ಹಿಂದೆ ಸರಿದ ಉಪಾಧ್ಯಾಯ, ಆ ಕೊರತೆಯನ್ನು ಫಲಕ ಬರೆಸಿ ತುಂಬಿಸಲಾರ. ಇಡೀ ಊರಿನ ತಪ್ಪೂ ಇದೇ ಆಗಿತ್ತು. ಬೆಂಕಿ ಹಚ್ಚಿದ್ದು ಒಂದು ಬೀದಿ. ಸುಟ್ಟ ಗುರುತನ್ನು ಹೊತ್ತುಕೊಂಡು ಇಪ್ಪತ್ತು ವರ್ಷ ಬದುಕಿದ್ದು ಇನ್ನೊಂದು ಬೀದಿ. ಆ ಗುರುತಿಗೆ ಗಾಜು ಹಾಕಿಸಿದರೆ ನ್ಯಾಯ ಸಂದಂತಾಯಿತೆಂದು ಎಲ್ಲರೂ ನಂಬಿದ್ದರು.

"ಹಂಗಾದ್ರೆ ಇಷ್ಟು ವರ್ಷ ನೀವೇ ಯಾಕೆ ಬದಲಾಯಿಸ್ಲಿಲ್ಲ?" ಎಂದು ಮೇಷ್ಟ್ರು ಕೊನೆಗೆ ಕೇಳಿದರು.

"ಮುಂಬಾಗಿಲಿನ ಮರ ಎಲ್ಲಿಂದ ಬರ್ಬೇಕು ಅಂತ ನಿಮ್ಗೆ ಗೊತ್ತಿಲ್ವಾ? ಅದಕ್ಕೆ ಕಾದೆ," ಎಂದರು ಸುಗ್ರಾ ಬೀ.

ಹೊನ್ನೆಕೊಪ್ಪದಲ್ಲಿ ಮುಂಬಾಗಿಲಿನ ಮರವನ್ನು ಯಾರೂ ಕೊಳ್ಳುವುದಿಲ್ಲ. ನೆರೆಯವರು ತಮ್ಮ ಹಲಸನ್ನು ಕೊಡಬೇಕು. ಕೊಟ್ಟವರೇ ಹೆಗಲ ಮೇಲೆ ಹೊತ್ತು ತರಬೇಕು. ಮನೆಯ ಹಿರಿಯರು ಹೊಸ್ತಿಲ ಒಳಗೆ ನಿಂತು ‘ಯಾರ ಮರ? ಯಾತಕ್ಕೆ ತಂದಿರಿ?’ ಎಂದು ಕೇಳುತ್ತಾರೆ. ತಂದವರು ತಮ್ಮ ಹೆಸರನ್ನೂ ಕಾರಣವನ್ನೂ ಹೇಳಿ, ಕೂರಿಸಿದ ಬಾಗಿಲನ್ನು ತಾವೇ ಮೊದಲು ದಾಟುತ್ತಾರೆ. ಎರಡೂ ಪೇಟೆಗಳು ಪಾಲಿಸಿಕೊಂಡು ಬಂದ ರೂಢಿ ಇದು. ಸ್ಟೀಲ್ ಬಾಗಿಲು ಕೂರಿಸಿಕೊಂಡ ಕೆಳಪೇಟೆಯ ಉಳಿದ ಮನೆಗಳವರು ಆ ರೂಢಿಯ ಆಸೆಯನ್ನೇ ಬಿಟ್ಟಿದ್ದರು. ಸುಗ್ರಾ ಬೀ ಬಿಟ್ಟಿರಲಿಲ್ಲ. ಮೇಲ್ಪೇಟೆಯವರು ಬಂದೇ ಬರುತ್ತಾರೆಂದು ಅವರು ಕಾದರು. ಗಲಭೆಯ ಮರುವಾರವೇ ಮೆಣಸು ಹೊತ್ತು ಅಂಗಡಿಗೆ ಬಂದವರು ಮನೆಯ ಕಡೆಗೆ ತಿರುಗಲಿಲ್ಲ. ಈಗ ಮರದ ಬದಲು ಫಲಕ ಬಂದದ್ದನ್ನು ನೋಡಿ, ಸುಟ್ಟ ಬಾಗಿಲನ್ನು ತೆಗೆದೇಬಿಡುವುದೆಂದು ಸುಗ್ರಾ ಬೀ ತೀರ್ಮಾನಿಸಿದ್ದರು.

ಮರುದಿನ ನಂಜಮ್ಮ ಬಂದರು. ದೇವರಾಜನ ತಾಯಿ, ಅಭಿಷೇಕನ ಅಜ್ಜಿ, ಸುಗ್ರಾ ಬೀ ಅವರಿಗೆ ಮದುವೆಯಾಗಿ ಬಂದ ಕಾಲದಿಂದಲೂ ಗೆಳತಿ. ಮನೆಗೆ ಬರುವುದನ್ನು ನಿಲ್ಲಿಸದಿದ್ದ ಒಬ್ಬರೇ ಒಬ್ಬರು. ಎಂದಿನಂತೆ ಹಿತ್ತಿಲ ಬಾಗಿಲಿನಿಂದ, ಎಂದಿನಂತೆ ಕೈಯಲ್ಲಿ ಏನಾದರೊಂದು ಹಿಡಿದು. ಅಂದು ಕೆಸುವಿನ ಎಲೆಯ ಕಟ್ಟು.

"ಎಂತ ಮಾರಾಯ್ತಿ ನಿನ್ನ ಗಲಾಟೆ? ಮೇಷ್ಟ್ರು ರಾತ್ರಿ ಊಟ ಮಾಡ್ಲಿಲ್ವಂತೆ!"

"ಒಂದು ಊಟ ಬಿಟ್ರೆ ಅವ್ರ ಹೊಟ್ಟೆಗೆ ಒಳ್ಳೇದೇ," ಎಂದರು ಸುಗ್ರಾ ಬೀ ಎಲೆಗಳನ್ನು ಬಿಡಿಸುತ್ತಾ. ಆಮೇಲೆ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು. "ನಂಜಿ, ಒಂದು ಮಾತು ಕೇಳ್ತೀನಿ, ನೇರವಾಗಿ ಹೇಳು. ನೀನು ಎಂತಕ್ಕೆ ಯಾವಾಗ್ಲೂ ಹಿತ್ತಿಲಿಂದ ಬರ್ತೀಯ?"

ನಂಜಮ್ಮ ಕೆಸುವಿನ ಎಲೆಯೊಂದರ ದಂಟು ಮುರಿದರು.

"ಹೇಳೇ. ಸಾಬರ ಮನೆಗೆ ಹೋಗಾದು ಯಾರಿಗೂ ಕಾಣ್ಬಾರ್ದು ಅಂತ ತಾನೆ? ಇರ್ಲಿ, ನಿಂಗೂ ಮನೆ ಮಠ ಇದೆ, ಬರ್ತೀಯಲ್ಲ ಅಷ್ಟೇ ಸಾಕು ಅಂತ ನಾನು ಸುಮ್ನಿದ್ದೆ."

"ಅಯ್ಯೋ!" ಎಂದು ನಂಜಮ್ಮ ಮೆಟ್ಟಿಲ ಮೇಲೆ ಕುಸಿದು ಕುಳಿತರು. "ಥೂ ನಿನ್ನ! ಇಷ್ಟು ವರ್ಷ ನನ್ನ ಬಗ್ಗೆ ಹಂಗೆ ತಿಳ್ಕಂಡಿದ್ಯಾ? ಯಾರಿಗೆ ಹೆದ್ರಲಿ ನಾನು, ಈ ವಯಸ್ಸಲ್ಲಿ? ಆ ಬಾಗ್ಲಿಗೆ ಬೆಂಕಿ ಇಟ್ಟಿದ್ದು ನನ್ನ ಮಗ. ಅವನ ಅಮ್ಮ ಅದೇ ಬಾಗ್ಲಿಂದ ಒಳಗೆ ಬಂದ್ರೆ ನಿನ್ನ ಹೊಟ್ಟೆ ಉರಿಯಲ್ವಾ? ನಿಂಗೆ ಸಂಕಟ ಆಗ್ಬಾರ್ದು ಅಂತ ನಾನು ಸುತ್ತು ಹಾಕ್ಕಂಡು ಬರ್ತಿದ್ದೆ. ನೀನೂ ಯಾವತ್ತೂ ಮುಂದಿಂದ ಬಾ ಅನ್ಲಿಲ್ಲ. ಬೇಡ ಅಂತಾನೇ ತಿಳ್ಕಂಡೆ."

ಸುಗ್ರಾ ಬೀ ಎಲೆಗಳನ್ನು ಬದಿಗೆ ಸರಿಸಿ ಗೆಳತಿಯ ಪಕ್ಕ ಮೆಟ್ಟಿಲ ಮೇಲೆ ಕುಳಿತರು.

"ಬೆಂಕಿ ಬಿದ್ದ ದಿನ ಮಗನ್ನ ಎಳ್ಕಂಡು ನಾವು ಓಡಿಹೋಗಿದ್ದು ಈ ಹಿತ್ತಿಲ ಬಾಗ್ಲಿಂದ. ನೀನು ಇದ್ರಿಂದ ಬಂದಾಗೆಲ್ಲ ನಂಗೆ ಅದೇ ನೆನಪಾಗ್ತಿತ್ತು ನಂಜಿ. ಹೇಳಿದ್ರೆ ನೀನು ಬರಾದೇ ಬಿಡ್ತೀಯೇನೋ ಅಂತ ಹೇಳ್ಲಿಲ್ಲ."

ದಾಕ್ಷಿಣ್ಯವನ್ನು ನಮ್ಮ ಕಡೆಯವರು ಸದ್ಗುಣವೆಂದೇ ಎಣಿಸುತ್ತಾರೆ. ಎದುರಿನವರ ಮನಸ್ಸು ನೋಯಬಾರದೆಂದು ನಾವು ಕೇಳಬೇಕಾದ್ದನ್ನು ಕೇಳುವುದಿಲ್ಲ, ಹೇಳಬೇಕಾದ್ದನ್ನು ಹೇಳುವುದಿಲ್ಲ. ದ್ವೇಷವು ಆ ಊರಿನಲ್ಲಿ ಒಂದು ಮಧ್ಯಾಹ್ನವಷ್ಟೇ ಉರಿದು ಆರಿತ್ತು. ಇಬ್ಬರು ಗೆಳತಿಯರ ನಡುವೆ ಆ ಸುಟ್ಟ ಹಲಗೆಯನ್ನು ಇಪ್ಪತ್ತು ವರ್ಷ ಕಾಪಾಡಿದ್ದು ದಾಕ್ಷಿಣ್ಯ.

"ಆ ಬಾಗ್ಲು ಯಾರು ಕೊಟ್ಟಿದ್ದು ಗೊತ್ತಲ್ಲ ನಿಂಗೆ?" ಎಂದರು ಸುಗ್ರಾ ಬೀ.

"ಗೊತ್ತಿಲ್ದೆ ಏನು? ನಮ್ಮ ಮಾವ ಹೊತ್ಕಂಡು ಬಂದಿದ್ದು." ನಂಜಮ್ಮ ಎದ್ದು ಸೀರೆ ಕೊಡವಿದರು. ದನಿ ಬದಲಾಗಿತ್ತು. "ನಿಂಗೆ ಬಾಗ್ಲು ನಮ್ಮನೆಯಿಂದಲೇ ಬರ್ತದೆ. ನೋಡ್ತಿರು."

ಹೋಗುವಾಗ ಅವರು ಹಿತ್ತಿಲಿನ ಕಡೆಗೆ ತಿರುಗಲಿಲ್ಲ. ನಡುಮನೆ ದಾಟಿ, ಕಪ್ಪುಹಲಗೆಯನ್ನು ಎಳೆದು, ಇಡೀ ಕೆಳಪೇಟೆ ನೋಡುತ್ತಿರುವಂತೆ ಮುಂಬಾಗಿಲಿನಿಂದ ಇಳಿದುಹೋದರು.

ದೇವರಾಜ ಆ ಹೊತ್ತಿನಲ್ಲಿ ಕಣದಲ್ಲಿದ್ದ. ಕೊಯ್ಲು ಮುಗಿದು, ಸಿಪ್ಪೆ ಸುಲಿದ ಪಾರ್ಚ್‌ಮೆಂಟ್ ಕಾಫಿ ಬಿಸಿಲಿಗೆ ಹರಡಿಕೊಂಡಿತ್ತು. ಅವನು ಮರದ ಗೋರುಮಣೆಯಿಂದ ಅದನ್ನು ಸಾಲುಸಾಲಾಗಿ ತಿರುವುತ್ತಿದ್ದ. ಐವತ್ತರ ಹತ್ತಿರದ ಗಟ್ಟಿ ಮನುಷ್ಯ, ಊರಿನಲ್ಲಿ ಮರ್ಯಾದೆಯುಳ್ಳವನು. ಕಣದ ಆಚೆ ಅವನು ಕಟ್ಟಿಸುತ್ತಿದ್ದ ಹೊಸ ಮನೆ ನಿಂತಿತ್ತು. ಅದರ ಮುಂಬಾಗಿಲಿಗೆಂದು ಪಕ್ಕದ ತೋಟದ ಅವನ ಸೋದರಮಾವ ಕೊಟ್ಟಿದ್ದ ಹಲಸಿನಲ್ಲಿ ಮಾಡಿಸಿದ ಬಾಗಿಲು ಕೊಟ್ಟಿಗೆಯಲ್ಲಿ ಸಿದ್ಧವಾಗಿ ಒರಗಿತ್ತು. ಅಭಿಷೇಕ್ ಫೋನ್ ನೋಡುತ್ತಾ ಮೆಟ್ಟಿಲ ಮೇಲೆ ಕುಳಿತಿದ್ದ.

ನಂಜಮ್ಮ ಪೀಠಿಕೆ ಹಾಕುವವರಲ್ಲ. "ಕೊಟ್ಟಿಗೇಲಿರೋ ಬಾಗ್ಲು ಸುಗ್ರಾ ಮನೆಗೆ ಕೊಡು."

"ಅಮ್ಮ, ಅದು ಹೊಸಮನೇದು."

"ನಂಗೇನು ಕಣ್ಣು ಕಾಣಲ್ವಾ? ಹೊಸಮನೆಗೆ ಇನ್ನೊಂದು ಮಾಡಿಸ್ಕ. ಅವ್ಳ ಬಾಗ್ಲು ಸುಟ್ಟೋನು ನೀನು, ಕೊಡಬೇಕಾದೋನೂ ನೀನೇ."

ಅಭಿಷೇಕ್ ತಲೆಯೆತ್ತಿದ. "ಏನಜ್ಜಿ ಅಂದಿದ್ದು?"

"ಹೊರಗಿನೋರು ಬಸ್ಸಲ್ಲಿ ಬಂದಿದ್ರು ಅಂತ ಊರಿಗೆಲ್ಲ ಹೇಳ್ಕಂಡು ತಿರುಗ್ತೀಯಲ್ಲ. ನಿಮ್ಮಪ್ಪನ್ನ ಕೇಳು, ಅವನು ಯಾವ ಬಸ್ಸಲ್ಲಿ ಬಂದಿದ್ದ ಅಂತ."

ಕಣದಲ್ಲಿ ಗೋರುಮಣೆಯ ಸದ್ದು ನಿಂತಿತು. ಮಗ ತಂದೆಯನ್ನು ನೋಡಿದ. ತಂದೆ ಕಾಫಿಯನ್ನು ನೋಡಿದ. ತಾನು ನೂರಾರು ಜನರ ಮುಂದೆ, ಆ ಬಾಗಿಲಿನ ಎದುರೇ, ಆ ಮನೆಯವರು ಒಳಗೆ ಕೇಳಿಸಿಕೊಳ್ಳುತ್ತಿರುವಾಗ, ಹೆಮ್ಮೆಯಿಂದ ಹೇಳಿದ್ದ ಮಾತು ಅಭಿಷೇಕನ ಕಿವಿಯಲ್ಲಿ ಮತ್ತೆ ಕೇಳಿಸಿತು. ಅವನು ಫೋನನ್ನು ಜೇಬಿಗಿಟ್ಟುಕೊಂಡು ಎದ್ದುಹೋದ.

"ಅವನಿಗೆ ಎಂತಕ್ಕೆ ಹೇಳ್ದೆ ಅಮ್ಮ?" ದೇವರಾಜ ಗೋರುಮಣೆಯನ್ನು ನೆಲಕ್ಕೆ ಹಾಕಿದ. "ಬಾಗ್ಲು ತಾನೆ? ಕೊಟ್ಟೆ. ತಗಂಡೋಗ್ಲಿ."

ಕೊಟ್ಟ ರೀತಿ ಹೀಗಿತ್ತು: ಮರುದಿನ ಬಾಗಿಲನ್ನು ಪಿಕಪ್ಪಿಗೆ ಏರಿಸಿ, ತೋಟದ ಡ್ರೈವರನ ಕೈಯಲ್ಲಿ ಕೆಳಪೇಟೆಗೆ ಕಳಿಸಿದ. ತಾನು ಹೋಗಲಿಲ್ಲ. ಮನುಷ್ಯ ತನ್ನ ತಪ್ಪಿನ ಬೆಲೆಯನ್ನು ತೆರಲು ಸಿದ್ಧನಾದಾಗಲೂ ತಪ್ಪಿನ ಪಕ್ಕದಲ್ಲಿ ನಿಲ್ಲಲು ಸಿದ್ಧನಾಗಿರುವುದಿಲ್ಲ. ಮರವನ್ನು ಕೊಟ್ಟು ಮುಖವನ್ನು ಉಳಿಸಿಕೊಳ್ಳಬಹುದೆಂದು ಅವನು ಎಣಿಸಿದ.

ಪಿಕಪ್ಪು ಮನೆಯ ಮುಂದೆ ನಿಂತಾಗ ಸುಗ್ರಾ ಬೀ ಜಗಲಿಗೆ ಬಂದು ಬಾಗಿಲನ್ನು ಕಣ್ತುಂಬ ನೋಡಿದರು. ಎಣ್ಣೆ ಕುಡಿದ ಹಳದಿ ಹಲಸು, ನಡುವೆ ಸರಳವಾದ ಬಳ್ಳಿಯ ಕೆತ್ತನೆ.

"ಚೆನ್ನಾಗಿದೆ. ಯಾರ ಮರ?"

"ದೇವರಾಜಣ್ಣೋರದ್ದು ಬೀಯಮ್ಮ."

"ಅವ್ರೆಲ್ಲಿ?"

"ಕಣದಲ್ಲಿ ಕೆಲ್ಸ ಇದೆ ಅಂದ್ರು."

"ಹಂಗಾದ್ರೆ ವಾಪಸ್ ತಗಂಡೋಗು. ಕೆಲ್ಸ ಮುಗೀಲಿ. ಇಪ್ಪತ್ತು ವರ್ಷ ಕಾದೋಳಿಗೆ ಇನ್ನೂ ನಾಕು ದಿನ ಭಾರ ಅಲ್ಲ."

ಹಬೀಬುರ್ರಹ್ಮಾನ್ ಹಣೆ ಚಚ್ಚಿಕೊಂಡ. "ಅಮ್ಮೀ! ಬಾಗ್ಲು ಮನೆ ಮುಂದೆ ಬಂದಿದೆ. ಇಳಿಸ್ಕಳ್ಳಾದು ಬಿಟ್ಟು..."

"ಬಾಗ್ಲು ಬಂದಿದೆ. ಕೊಡೋರು ಬಂದಿಲ್ಲ," ಎಂದರು ಸುಗ್ರಾ ಬೀ. ಪಿಕಪ್ಪು ಬಂದ ದಾರಿಯಲ್ಲೇ ಮೋರಿ ಹತ್ತಿ, ಹಾಡುಹಗಲಿನಲ್ಲಿ, ಎರಡೂ ಪೇಟೆಗಳ ಕಣ್ಣೆದುರು ಹಿಂತಿರುಗಿತು.

ಮೇಲ್ಪೇಟೆಯಲ್ಲಿ ಆ ವಾರ ಬೇರೆ ಮಾತಿರಲಿಲ್ಲ. ಕೊಟ್ಟ ಬಾಗಿಲನ್ನು ಹಿಂದಕ್ಕೆ ಕಳಿಸಿದ್ದು ಕೆಲವರಿಗೆ ಸೊಕ್ಕಾಗಿ ಕಂಡಿತು. ದೇವರಾಜನಿಗೆ ಸಿಟ್ಟು ಬಂದಿತ್ತು, ಸಿಟ್ಟಿನೊಳಗೆ ಹೆದರಿಕೆಯಿತ್ತು. "ನಾನು ಹೊತ್ಕಂಡು ಹೋಗ್ಬೇಕಂತೆ. ಹೋದ್ರೆ ನಾನೇ ಹಚ್ಚಿದ್ದು ಅಂತ ಊರಿಗೆ ಡಂಗುರ ಸಾರಿದಂಗಲ್ವಾ?" ಎಂದು ಊಟಕ್ಕೆ ಕುಳಿತಾಗ ಗುಡುಗಿದ.

"ಊರಿಗೆ ಹೊಸದಾಗಿ ಎಂತ ಗೊತ್ತಾಗ್ಬೇಕು?" ಎಂದರು ನಂಜಮ್ಮ.

ಅಭಿಷೇಕ್ ಅಷ್ಟು ದಿನ ತಂದೆಯೊಡನೆ ಮಾತನಾಡಿರಲಿಲ್ಲ. ಈಗ ತಟ್ಟೆಯಿಂದ ಕೈ ತೆಗೆದು ಹೇಳಿದ: "ಅಪ್ಪ, ಭಾನುವಾರ ಹನ್ನೆರಡು ಜನ ಬರೋರಿದ್ರು. ಬೇಡ ಅಂತ ಹೇಳ್ಬಿಟ್ಟೆ. ಬಸ್ಸಿನ ಕಥೆ ನಂಗೆ ಇನ್ನು ಹೇಳಕ್ಕಾಗಲ್ಲ. ಬೇರೆ ಎಂತ ಹೇಳ್ಲಿ? ನೀನೇ ಹೇಳ್ಕೊಡು."

ದೇವರಾಜ ಮಗನ ಮುಖವನ್ನು ಆ ವಾರದಲ್ಲಿ ಮೊದಲ ಬಾರಿಗೆ ನೇರವಾಗಿ ನೋಡಿದ. ಅದರಲ್ಲಿ ತಿರಸ್ಕಾರವಿದ್ದಿದ್ದರೆ ಅವನು ಜಗಳವಾಡಿ ಗೆಲ್ಲುತ್ತಿದ್ದನೇನೋ. ಇದ್ದದ್ದು ಉತ್ತರಕ್ಕಾಗಿ ಕಾಯುವ ತಾಳ್ಮೆ. ಅದರೊಡನೆ ಜಗಳವಾಡುವ ಉಪಾಯ ಅವನಿಗೆ ತಿಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ಮೇಲ್ಪೇಟೆಯ ಬೀದಿಯಲ್ಲಿ ದೇವರಾಜ ಬಾಗಿಲು ಹೊತ್ತು ಇಳಿದ. ಮುಂದಿನ ತುದಿ ಅವನ ಹೆಗಲ ಮೇಲೆ, ಹಿಂದಿನ ತುದಿ ಅಭಿಷೇಕನ ಹೆಗಲ ಮೇಲೆ, ಹಿಂದೆ ನಂಜಮ್ಮ. ಯಾರೂ ಕೂಗಲಿಲ್ಲ, ಯಾರೂ ತಡೆಯಲಿಲ್ಲ. ಮೋರಿಯಾಚೆ ಕೆಳಪೇಟೆಯ ಜನ ಅಂಗಡಿಗಳ ಮುಂದೆ ಎದ್ದು ನಿಂತರು. ಹಬೀಬುರ್ರಹ್ಮಾನ್ ಸುಟ್ಟ ಬಾಗಿಲನ್ನು ತಿರುಗಣೆಯಿಂದ ಆಗಲೇ ಬಿಚ್ಚಿ ಗೋಡೆಗೆ ಒರಗಿಸಿದ್ದ. ಬಯಲಾದ ದಾರಂದದ ಚೌಕಟ್ಟಿನ ನಡುವೆ, ಹೊಸ್ತಿಲ ಒಳಗೆ, ಇಸ್ತ್ರಿ ಮಾಡಿದ ಸೀರೆಯುಟ್ಟು ಸುಗ್ರಾ ಬೀ ನಿಂತಿದ್ದರು.

ಅವರು ರೂಢಿಯಂತೆ ಕೇಳಿದರು. "ಯಾರ ಮರ?"

"ದೇವರಾಜ. ಮೇಲ್ಪೇಟೆ, ನಂಜಮ್ಮನ ಮಗ."

"ಯಾತಕ್ಕೆ ತಂದ್ರಿ?"

ಈ ಪ್ರಶ್ನೆಗೆ ತಲೆಮಾರುಗಳಿಂದ ಒಂದೇ ಉತ್ತರವಿದೆ: ಈ ಮನೆಯ ಬಾಗಿಲಿಗೆ. ಅಷ್ಟು ಹೇಳಿದ್ದರೂ ರೂಢಿ ಪೂರ್ಣವಾಗುತ್ತಿತ್ತು. ದೇವರಾಜನ ಕುತ್ತಿಗೆಯ ನರ ಉಬ್ಬಿತ್ತು, ಬಾಗಿಲು ಭಾರವಾಗಿತ್ತು.

"ಇದ್ದ ಬಾಗ್ಲು ನಾನು ಸುಟ್ಟೆ ಬೀಯಮ್ಮ. ಅದಕ್ಕೆ."

ನೆರೆದಿದ್ದ ಎಲ್ಲರಿಗೂ ಗೊತ್ತಿದ್ದ ಮಾತು. ಆದರೆ ಗೊತ್ತಿರುವುದಕ್ಕೂ ಹೇಳಿ ಕೇಳುವುದಕ್ಕೂ ಇರುವ ಅಂತರವನ್ನು ಆ ಬೀದಿ ಆಗ ಅಳೆಯಿತು.

"ಹೂಂ," ಎಂದರು ಸುಗ್ರಾ ಬೀ. ಹೊಸ್ತಿಲು ಬಿಟ್ಟು ಪಕ್ಕಕ್ಕೆ ಸರಿದರು. "ಒಳಗಡೆ ತಗಂಡು ಬಾ. ಬಲಗಡೆ ಎತ್ತಿ ಹಿಡಿ, ವಾಲ್ತಾ ಇದೆ."

ಬಾಗಿಲು ದಾರಂದಕ್ಕಿಂತ ಬೆರಳಗಲ ಹೆಚ್ಚಿತ್ತು. ಹಬೀಬುರ್ರಹ್ಮಾನ್ ಉಜ್ಜುಗೊರಡು ಹಿಡಿದು ಅಂಚು ಕೆತ್ತಿದ. ದೇವರಾಜ ಹಲಗೆಯನ್ನು ಮೊಣಕಾಲಿನಿಂದ ಒತ್ತಿ ಹಿಡಿದ. "ಇನ್ನೂ ಸ್ವಲ್ಪ ಒತ್ತಿ. ಹಾಂ. ನೀವು ಒತ್ತಿದ್ರೆ ಸರಿ, ನಿಮ್ಮಗ ಒತ್ತಿದ್ರೆ ಅಲ್ಲಾಡ್ತದೆ," ಎಂದು ಹಬೀಬುರ್ರಹ್ಮಾನ್ ಕೊಂಕು ನುಡಿದಾಗ ಅಭಿಷೇಕ್ ನಕ್ಕ; ಯಾರೂ ಅವನಿಗೆ ನಗಬೇಡವೆನ್ನಲಿಲ್ಲ. ತಿರುಗಣೆ ಕೂತಿತು. ಮೊದಲು ದಾಟಬೇಕಾದವನು ದೇವರಾಜ, ದಾಟಿದ. ಹಿಂದೆಯೇ ನಂಜಮ್ಮ ಬಂದು, ಅಗುಳಿಯನ್ನು ಎಳೆದು ನೋಡಿ, ಬಿಗಿ ಹೆಚ್ಚಾಯಿತೆಂದು ತಕರಾರು ತೆಗೆದರು.

ಕಾಫಿ ಕುಡಿದು ಮುಗಿಸಿದ ಮೇಲೆ ಅಭಿಷೇಕ್ ಗೋಡೆಗೆ ಒರಗಿದ್ದ ಸುಟ್ಟ ಬಾಗಿಲನ್ನು ತೋರಿಸಿ ಕೇಳಿದ: "ಇದನ್ನ ಎಂತ ಮಾಡಾದು ಬೀಯಮ್ಮ? ಸಮಿತಿ ಆಫೀಸಲ್ಲಿ ಇಡ್ತಾರಂತೆ ಮೇಷ್ಟ್ರು. ಹೇಳಿ ಕಳಿಸಿದಾರೆ."

"ಆಫೀಸಲ್ಲಿ ಬೀಗ ಹಾಕಿ ಇಡ್ತಾರೆ. ಬೇಡ. ಒಲೆಗೂ ಹಾಕ್ಬೇಡಿ. ಮೇಷ್ಟ್ರು ಹೇಳಿದ್ದು ಅರ್ಧ ಸರಿ, ಮಕ್ಕಳು ನೋಡ್ಬೇಕು. ನೋಡಾದು ಇಲ್ಲಿ ಅಲ್ಲ, ನಿಮ್ಮ ಬೀದೀಲಿ. ಬೆಂಕಿ ಹೊತ್ತಿದ್ದು ಇಲ್ಲಿ, ಹೊರಟಿದ್ದು ಅಲ್ಲಿಂದ. ನಿಮ್ಮ ಹೊಸಮನೆ ಜಗಲೀಲಿ ನಿಲ್ಸಿ. ನಿನ್ನ ಜನ ಅಲ್ಲಿಗೆ ಬರ್ಲಿ, ನಿಮ್ಮಪ್ಪ ಹೇಳ್ಲಿ. ಆಮೇಲೆ ಕೆಳಗೆ ಕರ್ಕಂಡು ಬಾ, ಫೋಟೋಗಲ್ಲ, ಕಾಫಿಗೆ."

ದೇವರಾಜ ಲೋಟ ಕೆಳಗಿಟ್ಟ. ಹೊಸ ಬಾಗಿಲನ್ನು ಹೊತ್ತು ತರುವುದಕ್ಕಿಂತ ಇದು ದೊಡ್ಡದು. ಅದು ಒಂದು ಬೆಳಗಿನ ಕೆಲಸ. ಇದು ಪ್ರತಿ ಭಾನುವಾರದ್ದು, ಅವನು ಬದುಕಿರುವವರೆಗೆ. ಅವನು ತಾಯಿಯನ್ನು ನೋಡಿದ. ನಂಜಮ್ಮ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು. ಅವನು ಎದ್ದು, ಪಂಚೆ ಎತ್ತಿ ಕಟ್ಟಿ, ಸುಟ್ಟ ಹಲಗೆಯ ಕಪ್ಪು ತುದಿಗೆ ಕೈ ಹಾಕಿದ. ಅಭಿಷೇಕ್ ಇನ್ನೊಂದು ತುದಿ ಹಿಡಿದ.

ಏರುದಾರಿಯಲ್ಲಿ ಹಳೆಯ ಹಲಸು ಹೊಸದಕ್ಕಿಂತ ಭಾರವಾಗಿತ್ತು. ಇದ್ದಿಲು ಉದುರಿ ದೇವರಾಜನ ಬಿಳಿ ಅಂಗಿಯ ಹೆಗಲು ಕಪ್ಪಾಯಿತು. ಮೇಲ್ಪೇಟೆಯ ಕೆಲವು ಕಿಟಕಿಗಳು ಮುಚ್ಚಿಕೊಂಡವು, ಕೆಲವು ಮುಚ್ಚಲಿಲ್ಲ. ಬೆಳಗಿನಿಂದ ಮನೆಯಿಂದ ಹೊರಬರದಿದ್ದ ಪ್ರಸನ್ನಕುಮಾರ್ ಮೇಷ್ಟ್ರು ತಮ್ಮ ಜಗಲಿಯ ಕುರ್ಚಿಯಲ್ಲಿ ಕುಳಿತಿದ್ದರು.

"ಏನಯ್ಯ ದೇವರಾಜ, ಇದನ್ನ ಇಲ್ಲಿಗ್ಯಾಕೆ ತಂದೆ?"

"ಇಲ್ಲೀದೇ ಅಲ್ವಾ ಸಾರ್, ಅದಕ್ಕೆ." ದೇವರಾಜ ನಿಂತು ಏದುಸಿರು ಬಿಟ್ಟ. "ನಾನು ಹಚ್ಚಿದ್ದು. ನೀವು ನೋಡಿದ್ದು. ಇಬ್ಬರಿಗೆ ಏರಲ್ಲಿ ಕಷ್ಟ ಆಗ್ತಿದೆ. ನಡುವಲ್ಲಿ ಒಂದು ಕೈ ಕೊಡಿ."

ಮೇಷ್ಟ್ರು ಬೀದಿಯ ಎರಡೂ ಕಡೆ ನೋಡಿದರು. ಅವರ ಹಳೆಯ ವಿದ್ಯಾರ್ಥಿಗಳು ಬೀದಿಯ ಉದ್ದಕ್ಕೂ ನಿಂತು ಅವರನ್ನೇ ನೋಡುತ್ತಿದ್ದರು.

"ನಂಗೆ ಸೊಂಟನೋವು ಮಾರಾಯ," ಎಂದರು. ಆದರೆ ಅಷ್ಟರಲ್ಲಿ ಎದ್ದಾಗಿತ್ತು. ಚಪ್ಪಲಿ ಮೆಟ್ಟುವುದನ್ನೂ ಮರೆತು ಮೆಟ್ಟಿಲಿಳಿದು ಬಂದು, ಹಲಗೆಯ ನಡುವಿಗೆ ಹೆಗಲು ಕೊಟ್ಟರು.